ಮೆಣಸಿನಕಾಯಿ ದರ ಕೇಳೋ ಆಫೀಸರಿಗೆ

ಮಗಳೇ ವೆನಿಂಗ್,

ನಾನು ಮಾರ್ಕೆಟ್ಟಿಗೆ ಹೊರಟೆ. ಸೋಯಾಕಾಳಿನ ತೆಂಪೆ ಹುರಿದು ಮುಚ್ಚಿಟ್ಟಿದ್ದೀನಿ, ತಿಂದೇ ಹೊರಡು. ಬಿಳಿ ಅಂಗಿ ಇಸ್ತ್ರಿ ಆಗಿದೆ. ಸ್ಕೂಟರ್ ಕೀಲಿ ಅಕ್ಕಿ ಡಬ್ಬದ ಮೇಲಿದೆ.

ನಾಲ್ಕು ವರ್ಷ ಅರ್ಥಶಾಸ್ತ್ರ ಓದಿದ ಮಗಳು ಬ್ಯಾಂಕಿನ ಕುರ್ಚಿಯಲ್ಲಿ ಕೂರ್ತಾಳೆ ಅಂತ ನಮ್ಮ ಸೋಲೋ ಪಟ್ಟಣಕ್ಕೆಲ್ಲ ಡಂಗುರ ಸಾರಿದ್ದೆ. ನೀನು ನೋಡಿದರೆ ಅಂಕಿಅಂಶ ಇಲಾಖೆ ಸೇರಿ, ಮೊದಲ ದಿನವೇ ನಮ್ಮ ಮಾರ್ಕೆಟ್ಟಿಗೆ ಮೆಣಸಿನಕಾಯಿ ದರ ಬರೆದುಕೊಳ್ಳೋಕೆ ಬರ್ತಿದ್ದೀಯ. ಆ ದರವನ್ನು ನಾನು ಮನೆಯಲ್ಲಿ ಒಲೆ ಮುಂದೆ ಕೂತೇ ಹೇಳ್ತಿದ್ದೆನಲ್ಲೇ.

ಇರಲಿ, ನನ್ನ ಅಂಗಡಿಗೂ ಬಾ. ಎಲ್ಲರನ್ನೂ ಕೇಳಿದ ಹಾಗೇ ಕೇಳು. ಸರ್ಕಾರಿ ಕೆಲಸದಲ್ಲಿ ಅಮ್ಮ, ಮಗಳು ಅಂತ ಇರಬಾರದು ಅಂದಿದ್ದೆಯಲ್ಲ, ನಿನ್ನ ಗುರುತೇ ಇಲ್ಲದವಳ ಹಾಗೆ ಇರ್ತೀನಿ.

ನೀವೂ ಹಾಗೇ ಇರಿ ಅಂತ ಇಡೀ ಸಾಲಿನ ಅಂಗಡಿಯವರಿಗೂ ಹೇಳಿಟ್ಟಿದ್ದೀನಿ.

ಅಮ್ಮ