ಹಿಂದಿನ ಗೇಟು ತೆರೆದ ಶನಿವಾರ

ಅಲಬಾಂಗ್, ಮನಿಲಾ
ಆಗಸ್ಟ್ ೧೨, ಸೋಮವಾರ ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಎದೆಯ ಹೊಲಿಗೆ ಎಳೆಯುವುದು ಈಗ ಕಡಿಮೆಯಾಯಿತೇ? ಬಾಗಿಯೋ ಬೆಟ್ಟದ ಚಳಿಗೆ ಸ್ವೆಟರ್ ಹಾಕಿಕೊಳ್ಳುತ್ತಿದ್ದೀರಾ? ಕದ್ದು ಹಂದಿಮಾಂಸ ತಿಂದಿರೆಂದು ಅತ್ತೆ ದೂರು ಹೇಳಿದರು. ಮೊದಲು ನಕ್ಕೆ, ಆಮೇಲೆ ಹೆದರಿದೆ. ಫೋನಿನಲ್ಲಿ ನಮ್ಮ ಮಾಲ್‌ನ ಮಾತೆತ್ತಿದರೆ ಸಾಕು, "ಚಿಕ್ಕಪ್ಪನನ್ನ ಕೇಳು" ಎಂದು ಇಟ್ಟುಬಿಡುತ್ತೀರಿ. ಕಾಗದವನ್ನಾದರೆ ಕೊನೆಯವರೆಗೂ ಓದುತ್ತೀರಿ, ಅದು ನನಗೆ ಗೊತ್ತು.

ನೀವು ಆಸ್ಪತ್ರೆ ಸೇರಿದ ಮೇಲೆ ಮಾಲ್ ಇನ್ನಷ್ಟು ಸೊರಗಿದೆ. ಎರಡನೇ ಮಹಡಿಯಲ್ಲಿ ದೀಪ ಹಾಕುವುದನ್ನೇ ಬಿಟ್ಟಿದ್ದೇವೆ. ಬೂಟಿನ ಅಂಗಡಿಯವರು ಹೇಳದೆ ಕೇಳದೆ ಖಾಲಿ ಮಾಡಿದರು. ರುಫೀನೋ ಚಿಕ್ಕಪ್ಪ ಮೊದಲು ಜಾರಾಟ ಆಡುವ ಮಂಜುಗಡ್ಡೆಯ ಅಂಗಳ ಮಾಡೋಣ ಎಂದರು, ಆಮೇಲೆ ವಿದೇಶಿ ಕೈಚೀಲಗಳ ಅಂಗಡಿ ತರೋಣ ಎಂದರು. ಸುತ್ತಲಿನ ಬಂಗಲೆಯವರು ಕೈಚೀಲ ಕೊಳ್ಳಲು ಹಾಂಗ್‌ಕಾಂಗಿಗೇ ಹಾರುತ್ತಾರಪ್ಪಾ! ನಮ್ಮ ಮಾಲ್‌ನ ಪಕ್ಕ ದಿನವೂ ನಡೆದು ಹೋಗುವವರೆಂದರೆ ಅವರ ಮನೆಗಳ ಆಯಾಗಳು, ಡ್ರೈವರುಗಳು, ಮಾಲಿಗಳು. ಎಲ್ಲರೂ ನಮ್ಮ ಹಿಂಬದಿಯ ಸಾನ್ ರೋಕೆ ಕೇರಿಯವರು. ಬಂಗಲೆಯವರ ಸಂಘ ಕೇಳಿತೆಂದು ಆ ಕಡೆಯ ಗೇಟಿಗೆ ಬೀಗ ಹಾಕಿಸಿದವರು ನೀವೇ.

ಶನಿವಾರ ನಾನು ಆ ಬೀಗ ತೆಗೆಸಿದೆ. ಕೇರಿಯ ಅಡುಗೆಯವರಿಗೆ ತಿಂಡಿ ಮಾರಲು ಮಧ್ಯದ ಅಂಗಳ ಬಿಟ್ಟುಕೊಟ್ಟೆ. ಅವರಲ್ಲಿ ಹಿರಿಯಳಾದ ಆಲಿಂಗ್ ಪುರಿಂಗ್ ಶುಂಠಿ ಗಂಜಿಯ ಹಂಡೆ ಇಳಿಸಿದ್ದೇ ತಡ, ಮುಂದಿನ ಬಾಗಿಲಿನಿಂದ ಸಂಘದ ಅಧ್ಯಕ್ಷ ಬೆಲ್ತ್ರಾನ್ ಕಾವಲುಗಾರರನ್ನು ಕಟ್ಟಿಕೊಂಡು ನುಗ್ಗಿದರು. "ನಿಮ್ಮಪ್ಪ ಇದ್ದಿದ್ರೆ ಈ ಸಂತೆಗೆ ಬಿಡ್ತಿದ್ರೇನಮ್ಮಾ? ಇವರಲ್ಲಿ ಕಳ್ಳರು ಯಾರು ಅಂತ ಹೇಗೆ ಗೊತ್ತಾಗುತ್ತೆ?" ಎಂದು ಎಲ್ಲರೆದುರೇ ಕೂಗಿದರು. ಪುರಿಂಗ್ ಸೌಟು ಕೆಳಗಿಡದೆ, "ಸಾರ್, ನಿಮ್ಮನೆ ಬೀಗದಕೈ ನನ್ನ ಮಗಳ ಹತ್ರಾನೇ ಇರೋದು. ಅಲ್ಲಿ ನಂಬಿಕಸ್ಥರು, ಇಲ್ಲಿ ಬಂದ್ರೆ ಕಳ್ಳರಾ?" ಎಂದಳು.

ಬೆಲ್ತ್ರಾನ್ ಮುಖ ಕೆಂಪೇರಿತು. "ಮುಚ್ರೋ ಗೇಟು!" ಎಂದರು. ನಾನು ಓಡಿಹೋಗಿ ಹಿಂದಿನ ಗೇಟಿನ ನಡುವೆ ನಿಂತೆ. ಕಬ್ಬಿಣ ಬಂದು ಭುಜಕ್ಕೆ ಒತ್ತಿತು. ನನ್ನ ಬೆನ್ನ ಹಿಂದೆ ಜನ ಒಳಬರಲು ತಳ್ಳುತ್ತಿದ್ದರು, ಮುಂದೆ ಕಾವಲುಗಾರರು. ಒಬ್ಬರು ಎಡವಿದ್ದರೆ ಏನಾಗುತ್ತಿತ್ತೋ! ಆಗ ಗೇಟು ತಳ್ಳುತ್ತಿದ್ದ ಕಾವಲುಗಾರನೇ ಕೈ ತೆಗೆದುಬಿಟ್ಟ. "ಸಾರ್, ಆ ಸಾಲಲ್ಲಿ ನನ್ನ ಹೆಂಡ್ತಿ ನಿಂತಿದ್ದಾಳೆ. ನನ್ನ ಕೈಲಾಗಲ್ಲ," ಎಂದ. ಬೆಲ್ತ್ರಾನ್ ಅವನನ್ನು ಅಲ್ಲೇ ಕೆಲಸದಿಂದ ತೆಗೆದರು. ಇವತ್ತಿನಿಂದ ಅವನು ನಮ್ಮ ಮಾಲ್‌ನ ಕಾವಲುಗಾರ.

ಎಲ್ಲವೂ ಚೆನ್ನಾಯಿತೆಂದು ಸುಳ್ಳು ಹೇಳಲಾರೆ. ಶೌಚಾಲಯ ಕಟ್ಟಿಕೊಂಡಿತು, ಸುಗಂಧದ ಅಂಗಡಿಯವಳು ಮರುದಿನ ಬೆಳಿಗ್ಗೆ ನನ್ನ ಮುಖ ನೋಡಲಿಲ್ಲ. ಆದರೆ ಶನಿವಾರ ಔಷಧಿ ಅಂಗಡಿ, ಪುಸ್ತಕದ ಅಂಗಡಿ, ಕನ್ನಡಕದ ಅಂಗಡಿ ಎಲ್ಲ ಕಡೆ ಜನ. ಸಂಜೆ ಮೇಲಿನ ಮಹಡಿಗೂ ದೀಪ ಹಾಕಿಸಿದೆ. ಬಂಗಲೆಗಳಿಂದಲೂ ಕೆಲವರು ಮೆಲ್ಲಗೆ ಬಂದು ನಿಂತೇ ಗಂಜಿ ಕುಡಿದರು.

ನಿನ್ನೆ ಚಿಕ್ಕಪ್ಪ ಮನೆಗೆ ಬಂದಿದ್ದರು. "ಒಂದು ದಿನದ ಜಾತ್ರೆ ನೋಡಿ ಮೈಮರೀಬೇಡ. ಮಾಲ್ ಮಾರೋಕೆ ಗುರುವಾರ ಪಾಲುದಾರರ ಸಭೆ. ಕೊಳ್ಳೋರು ಇದನ್ನ ಕೆಡವಿ ಫ್ಲ್ಯಾಟ್ ಕಟ್ತಾರೆ. ಅಣ್ಣ ಒಪ್ಪಿ ಆಗಿದೆ," ಎಂದರು. ಒಪ್ಪಿದ್ದು ನಿಜವೇ? ನಿಮ್ಮ ಬಾಯಿಂದ ಕೇಳುವವರೆಗೆ ನಾನು ನಂಬುವುದಿಲ್ಲ. ಮಾರುತ್ತೀರಾ ಎಂದು ಅಂಗಡಿಯವರು ಕೇಳಿದಾಗಲೆಲ್ಲ ಏನೋ ಹೇಳಿ ತಪ್ಪಿಸಿಕೊಳ್ಳುತ್ತಿದ್ದೇನೆ.

ಮಾತ್ರೆ ಮರೆಯಬೇಡಿ, ಮೆಟ್ಟಿಲು ಹತ್ತಬೇಡಿ. ಅತ್ತೆಗೆ ನಾನು ಕೇಳಿದೆನೆಂದು ಹೇಳಿ. ಇಲ್ಲಿಂದಲೇ ನಿಮ್ಮ ಕೈ ನನ್ನ ಹಣೆಗೊತ್ತಿಕೊಂಡೆ ಎಂದುಕೊಳ್ಳಿ, ಹರಸಿ.

ನಿಮ್ಮ ಮಗಳು,
ಲಿಗಾಯಾ

ಮರೆತ ಮಾತು: ಡ್ರೈವರ್ ನೆಸ್ತೋರ್ ಬಾಗಿಲಲ್ಲೇ ನಿಂತಿದ್ದಾನೆ, ಇದನ್ನು ಸಂಜೆಗೆ ನಿಮ್ಮ ಕೈಗೆ ಕೊಡುತ್ತಾನೆ. ಅಮ್ಮನ ಪಾಲಿನ ಮತವನ್ನೂ ಈವರೆಗೆ ನೀವೇ ಹಾಕುತ್ತಿದ್ದಿರಿ. ಈ ಸಲ ಅವಳೇ ಸಭೆಗೆ ಬರುತ್ತಾಳಂತೆ. "ಜಾಗ ನಮ್ಮಪ್ಪಂದು, ಮತಕ್ಕೆ ಎತ್ತೋ ಕೈ ನಂದು," ಎಂದಳು. ಅವಳದೂ ನನ್ನದೂ ಸೇರಿದರೆ ಮಾರಾಟ ಬಿದ್ದುಹೋಗುತ್ತದೆ. ನಿಮಗೆ ಹೇಳಕೂಡದೆಂದು ಆಣೆ ಹಾಕಿಸಿಕೊಂಡಿದ್ದಾಳೆ. ಆದರೆ ತುಂಬಿದ ಸಭೆಯಲ್ಲಿ ಹೆಂಡತಿ, ಮಗಳ ಎದುರು ನಿಮ್ಮ ಮಾತು ಸೋಲುವುದನ್ನು ನಾನು ನೋಡಲಾರೆ ಅಪ್ಪಾ. ಅದಕ್ಕೆ ಮೊದಲೇ ಚಿಕ್ಕಪ್ಪನಿಗೆ ನೀವೇ ಮಾರಾಟ ಬೇಡವೆಂದು ಹೇಳಿಬಿಡಿ.