ನೆಲದೊಳಗೆ ನನ್ನದೊಂದು ಒಲೆ

ವೈನಿ, ಐಸ್‌ಲ್ಯಾಂಡಿನಿಂದ ನಿಮ್ಮ ನಾದಿನಿಯ ನಮಸ್ಕಾರ.

ಮೊನ್ನೆ ಬಿರುಗಾಳಿಗೆ ನಾನಿರುವ ತೋಟದ ಗಾಜಿನಮನೆಯ ಸೂರು ಒಡೆದು, ಟೊಮೆಟೊ ಸಸಿಗಳ ಮೇಲೆ ಹಿಮ ಸುರಿಯತೊಡಗಿತು. ನೆಲದ ಬಿಸಿನೀರಿನ ಕೊಳವೆಗಳಿಂದಲೂ ಆ ಚಳಿ ತಡೆಯಲಾಗಲಿಲ್ಲ. ಊಟ-ವಸತಿಗಷ್ಟೇ ಪುಕ್ಕಟೆ ದುಡಿಯಲು ಬಂದ ನಾನೇ ಏಣಿ ಹತ್ತಿ, ನೀವು ಹೊಲಿದುಕೊಟ್ಟ ಕೌದಿಯನ್ನು ಕಿಂಡಿಗೆ ಬಿಗಿದೆ. ಒಂದು ಸಸಿಯೂ ಸಾಯಲಿಲ್ಲ!

ಇಲ್ಲಿ ಬಿಸಿನೆಲದಲ್ಲಿ ಮನೆಗೊಂದು ಗುಳಿ. ಕಲಸಿದ ಹಿಟ್ಟಿನ ಡಬ್ಬಿ ಹೂತಿಟ್ಟರೆ ಮರುದಿನಕ್ಕೆ ರೊಟ್ಟಿ ಬೆಂದಿರುತ್ತದೆ. ಹೊರಗಿನವರಿಗೆ ಗುಳಿ ಕೊಡುವ ರೂಢಿಯಿಲ್ಲ. ಇವತ್ತು ತೋಟದೊಡತಿ ಸ್ಟೇನುನ್ ತನ್ನ ಗುಳಿಯ ಪಕ್ಕದಲ್ಲೇ ಇನ್ನೊಂದು ತೋಡಿ, ಗುರುತಿಗೆ ಕಲ್ಲಿಟ್ಟು, “ಇದು ನಿಂದ ನೋಡವ್ವ. ರೊಟ್ಟಿ ಕೆಟ್ರ ನೆಲಾನ ಬೈಬ್ಯಾಡ ಮತ್ತ,” ಎಂದಳು, ನಮ್ಮ ಮಾತಿನಲ್ಲಿ ಹೇಳುವುದಾದರೆ.

ಕೌದಿಯಿಲ್ಲದೆ ನೆಗಡಿಯಾಗಿದೆ, ಅಷ್ಟೇ. ರೊಟ್ಟಿ ಬಡಿಯಲು ಬಾರದೆಂದು ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸುತ್ತಿದ್ದಿರಲ್ಲ? ಅಣ್ಣನಿಗೂ ಓದಿ ಹೇಳಿ. ಹಿಟ್ಟು ಕಲಸಿಟ್ಟಿದ್ದೇನೆ, ನನ್ನ ಒಲೆಗೆ ಹೊರಟೆ.

ಇಂದ್ರಾಣಿ