ಪೊನ್ನಿ ಇರೆ ಮುಟ್ಟಿಲ್ಲ

ಜೂನ್ 10, ಮಂಗಳ

ಇವತ್ತೂ ಹಾವು ಇರೆ ಮುಟ್ಟಲಿಲ್ಲ, ಊಟವೇ ಬೇಡವಂತೆ. ಫ್ರೀಜರಿನ ಇಲಿಯನ್ನು ಬಿಸಿನೀರಿನಲ್ಲಿ ಅದ್ದಿ, ಇಕ್ಕಳದಲ್ಲಿ ಹಿಡಿದು ಮೂತಿಯ ಮುಂದೆ ಆಡಿಸಿದೆ. ಪೊನ್ನಿ ಮುಖ ತಿರುಗಿಸಿತು. ಎರಡನೇ ವಾರ. ತೂಕ 1,420 ಗ್ರಾಂ.

ಹಾವು ಸಾಕುವ ಹುಚ್ಚು ನನ್ನ ಗಂಡ ಸುಂದರ್‌ದು. ಆಫ್ರಿಕಾದ ಬಾಲ್ ಪೈಥಾನ್, ವಿಷವಿಲ್ಲ, ಸರ್ಕಾರದ ಕಾಗದವೂ ಇದೆ. ಇವರು ಮೇ ಕಡೆಯಲ್ಲಿ ನಮ್ಮ ಕಂಬಂ ಕಡೆಯ ದ್ರಾಕ್ಷಿ ಲೋಡಿನ ಜೊತೆ ಕೊಚ್ಚಿಗೆ ಹೋದವರು, ಬರುವುದು ಜುಲೈ-ಆಗಸ್ಟಿನ ಆಡಿ ತಿಂಗಳಿಗೆ. ಕಟ್ಟಿಕೊಂಡವರಿಗಿಂತ ಹಾವಿನ ಜೊತೆಗೇ ನನ್ನ ಸಂಸಾರ ಹೆಚ್ಚು.

ಜೂನ್ 16

ಮುಟ್ಟು ಹನ್ನೊಂದು ದಿನ ತಪ್ಪಿದೆ. ಬರೆಯಲೂ ಭಯ. ಮದುವೆಯಾಗಿ ಆರು ವರ್ಷ...

ಅತ್ತೆ ವೀರಮ್ಮಾಳ್ ಕೂಡ ಲೆಕ್ಕ ಇಟ್ಟಿದ್ದಾರೆ. ಈ ತಿಂಗಳು ನಾನು ದೇವರ ಮನೆ ಬಿಟ್ಟು ದೂರ ಕೂರಲಿಲ್ಲವಲ್ಲ. ಗಾಜಿನ ಪೆಟ್ಟಿಗೆ ಮುಂದೆ ನಿಂತು ಪೊನ್ನಿಯನ್ನು ನೋಡಿದರು, ನನ್ನನ್ನು ನೋಡಿದರು.

“ಬಸುರಿ ಕಣ್ಣು ಬಿದ್ರೆ ಹಾವು ಅಳ್ಳಾಡಾಕಿಲ್ಲ, ಇರೆ ಮುಟ್ಟಾಕಿಲ್ಲ. ನಮ್ಮ ಅಜ್ಜಿ, ಅಪ್ಪತ್ತಾ, ಹೇಳಿದ್ದು ಪೊಯ್ ಆಗಾಕಿಲ್ಲ, ಸುಳ್ಳಾಗಾಕಿಲ್ಲ, ಕಣ್ಣು. ಮೂರು ತಿಂಗ್ಳು ತುಂಬೋಗಂಟ ಯಾರ್ಗೂ ಉಸುರು ಬಿಡ್ಬೇಡ. ಸುಂದರ್‌ಗೂ.”

ಆರು ವರ್ಷ ‘ಏಯ್, ಸುಂದರ್ ಹೆಂಡ್ತಿ’ ಎಂದೇ ಕೂಗಿದವರು. ಇವತ್ತು ಮುದ್ದಿನಿಂದ ‘ಕಣ್ಣು’ ಅಂದರು.

ಜೂನ್ 20, ಶುಕ್ರ

ನಿನ್ನೆ ಬೆಳಿಗ್ಗೆ ಮುಟ್ಟಾಯಿತು. ನಲ್ಲಿ ಜೋರಾಗಿ ಬಿಟ್ಟು ಬಚ್ಚಲಲ್ಲಿ ಅತ್ತುಬಿಟ್ಟೆ. ಮುಖ ತೊಳೆದು ಹೊರಗೆ ಬಂದರೆ ವೀರಮ್ಮಾಳ್ ಅತ್ತೆ ತಾಟಿನುಂಗು ಸುಲಿದು ತಟ್ಟೆಯಲ್ಲಿಟ್ಟುಕೊಂಡು ಕಾಯುತ್ತಿದ್ದರು. ಹೇಳಬೇಕಿತ್ತು. ತಿಂದೆ.

ಇವತ್ತು ಪೂಜೆಗೆ ಕರೆದರು. ಹೊರಗಾದವಳು ಹೋಗಿ ದೀಪ ಹಚ್ಚಿದೆ. ತಪ್ಪಾಯಿತು ಎಂದು ದೇವರನ್ನು ಬೇಡುವುದಕ್ಕೂ ನಾಚಿಕೆ.

ಜುಲೈ 4

1,330. ಇವರು ಫೋನಿನಲ್ಲಿ ದಿಂಡುಗಲ್ಲಿನ ಪಶುವೈದ್ಯ ವಿಘ್ನೇಶ್ವರನ್ ನಂಬರ್ ಕೊಟ್ಟರು. ಅವರು ಕೇಳಿದ್ದು ಎರಡೇ — ಅಡಗಿಕೊಳ್ಳಲು ಜಾಗವಿದೆಯೇ? ಹೊಗೆ ಸೋಕುತ್ತದೆಯೇ?

ಆಗ ಹೊಳೆಯಿತು. ಇವರು ಹೊರಟ ಮರುದಿನವೇ ಅತ್ತೆ ಪೆಟ್ಟಿಗೆಯೊಳಗಿನ ಮಡಕೆ ಎತ್ತಿಸಿದ್ದರು. ಸಾಮಿ ಮಡಕೆಯಲ್ಲಿ ತಲೆ ಮರೆಸಿಕೊಳ್ಳಬಾರದಂತೆ, ಎದುರಿಗೆ ದರ್ಶನ ಕೊಡಬೇಕಂತೆ. ಮೇಲೆ ಮಂಗಳವಾರ, ಶುಕ್ರವಾರ ಸಾಂಬ್ರಾಣಿ ಹೊಗೆ. ಪಾಪ, ಹೆದರಿ ಕೂತಿದೆ ಅಷ್ಟೆ.

ಮಡಕೆ ಇಡಿ, ಹೊಗೆ ನಿಲ್ಲಿಸಿ, ತಿನ್ನುತ್ತದೆ ಎಂದರು ಡಾಕ್ಟರ್. 1,200ಕ್ಕಿಂತ ಇಳಿದರೆ ಕಷ್ಟ ಎಂದರು.

ಮಡಕೆ ಹಿತ್ತಲಲ್ಲೇ ಇದೆ. ಹತ್ತು ಹೆಜ್ಜೆ. ಆದರೆ ಪೊನ್ನಿ ತಿಂದರೆ ನಾನು ಬಸುರಿಯಲ್ಲ ಎಂದಾಯಿತು.

ಇಡಲಿಲ್ಲ.

ಜುಲೈ 21

ಅತ್ತೆ ತಲೆಗೆ ಎಣ್ಣೆ ಹಚ್ಚಿದರು. ಅವರ ಬೆರಳು ಇಷ್ಟು ಮೆತ್ತಗಿದೆ ಎಂದು ಗೊತ್ತೇ ಇರಲಿಲ್ಲ. ಅಮ್ಮ ಸತ್ತ ಮೇಲೆ ನನ್ನ ತಲೆ ಯಾರೂ ಮುಟ್ಟಿಲ್ಲ. ಇದು ನನಗೆ ಬೇಕು. ಸುಳ್ಳಿಗೇ ಸಿಕ್ಕಿದ್ದರೂ ಬೇಕು.

ತಮ್ಮ ಹಳೇ ಚಿನ್ನಾಳಪಟ್ಟಿ ಸೀರೆಯನ್ನು ತೊಟ್ಟಿಲು ಕಟ್ಟಲೆಂದು ಒಗೆದು ಒಣಹಾಕಿದ್ದಾರೆ. “ಆಡಿ ನಾಕನೇ ಶುಕ್ರವಾರ ಅಮ್ಮನ್ ದೇವ್ರಿಗೆ ಗಂಜಿ ಕೂಳು ಎರೀತೀವಲ್ಲ, ಅವತ್ತೇ ಎಲ್ಲಾರ್ಗೂ ಹೇಳ್ತೀನಿ. ಮಾರನೇ ದಿನ ಕಂಬಂ ಡಾಕ್ಟ್ರಮ್ಮನ ತಾವ ಹೋಗೋಣ.”

ಆಗಸ್ಟ್ ಎಂಟು. ಹದಿನೆಂಟು ದಿನ.

ಜುಲೈ 29

1,215.

ಕೈಗೆತ್ತಿಕೊಂಡೆ. ಯಾವಾಗಲೂ ಮಣಿಕಟ್ಟಿಗೆ ಸುತ್ತಿಕೊಳ್ಳುತ್ತಿತ್ತು. ಇವತ್ತು ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಬೆನ್ನುಮೂಳೆ ಬೆರಳಿಗೆ ಸಿಗುತ್ತದೆ. ನನ್ನ ಹೊಟ್ಟೆ ತುಂಬಿದೆ ಎಂದು ತೋರಿಸಲು ಇದರ ಹೊಟ್ಟೆ ಒಣಗಿಸುತ್ತಿದ್ದೇನೆ. ಥೂ, ನನ್ನ ಬಾಳಿಗಿಷ್ಟು.

ಮಡಕೆ ತಂದಿಟ್ಟೆ. ಪೆಟ್ಟಿಗೆಯನ್ನು ಎಳೆದು ನನ್ನ ಕೋಣೆಗೇ ಸೇರಿಸಿದೆ. ಹೊಗೆ? ಅದಕ್ಕೂ ಒಂದು ಸುಳ್ಳು — “ಸಾಂಬ್ರಾಣಿ ವಾಸನೆಗೆ ವಾಂತಿ ಬರ್ತದೆ ಅತ್ತೆ.” ಅತ್ತೆಯ ಮುಖ ಅರಳಿತು. “ಹಂಗೇ ಆಯ್ತದೆ, ಕಣ್ಣು!” ಅಂದು ಧೂಪದ ಬಟ್ಟಲನ್ನು ತಾವೇ ಅಟ್ಟಕ್ಕೆ ಹಾಕಿದರು.

ಆಗಸ್ಟ್ 5

ಇಲ್ಲ. ಆದರೆ ಮೂಸಿ ನೋಡಿತು. ಒಂದು ನಾಲಗೆ, ಎರಡು ನಾಲಗೆ. ತಿನ್ನಲಿ ಎಂದು ಒಂದು ಮನಸ್ಸು. ಶುಕ್ರವಾರ ಕಳೆಯಲಿ ಎಂದು ಇನ್ನೊಂದು. ಕಳೆದರೆ ಶನಿವಾರ ಡಾಕ್ಟ್ರಮ್ಮ ಸುಮ್ಮನಿರುತ್ತಾಳೆಯೇ, ಹುಚ್ಚಿ?

ಆಗಸ್ಟ್ 8, ಶುಕ್ರ, ಬೆಳಿಗ್ಗೆ 6:40

ತಿಂದಿತು!

ಮಡಕೆಯೊಳಗಿಂದ ಒಂದೇ ನೆಗೆತ. ಇಕ್ಕಳ ಕೈಯಿಂದ ಬಿತ್ತು. ಸುತ್ತಿ, ಹಿಂಡಿ, ನಿಧಾನವಾಗಿ ನುಂಗಿತು. ನೆಲದ ಮೇಲೆ ಕೂತು ಅತ್ತುಬಿಟ್ಟೆ, ಖುಷಿಗೆ. ಆಮೇಲೆ ಖುಷಿಗಲ್ಲ.

ಅಂಗಳದಲ್ಲಿ ಕೂಳಿನ ಹಂಡೆ ಕುದಿಯುತ್ತಿದೆ. ಇವರು ಚಿನ್ನಮನೂರಿನಲ್ಲಿ ಬಸ್ ಇಳಿದರಂತೆ.

7:20

ಅತ್ತೆ ಸೀರೆ ಮಡಿಸಿ ಎದೆಗವುಚಿಕೊಂಡು ಒಳಗೆ ಬಂದರು. ಪೊನ್ನಿ ಅರ್ಧ ಮೈ ಮಡಕೆಯ ಹೊರಗೆ ಚಾಚಿತ್ತು. ಅತ್ತೆ ಅದರ ಉಬ್ಬಿದ ಹೊಟ್ಟೆ ನೋಡಿದರು. ಆಮೇಲೆ ನನ್ನದು.

“ಅತ್ತೆ” ಎಂದೆ.

“ಎಂದಿಂದ?”

“ಜೂನ್ ಹತ್ತೊಂಬತ್ತು.”

ಬೆರಳು ಮಡಿಸಿ ಎಣಿಸಿದರು. “ಮಾರನೇ ದಿನ ದೀಪ ಹಚ್ಚಿದ್ಯಲ್ಲಾ...” ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಣ್ಣು ಒರೆಸಿಕೊಂಡು ಹೋದರು.

7:35

ಜನ ಸೇರಿದ್ದಾರೆ. ಇವರ ದನಿಯೂ ಕೇಳಿಸಿತು. ಅತ್ತೆ ಅಂಗಳದಿಂದ ಕೂಗುತ್ತಿದ್ದಾರೆ — “ಏಯ್ ಸುಂದರ್ ಹೆಂಡ್ತೀ, ಕೂಳು ಆರೋಯ್ತದೆ!”

ಕಣ್ಣು ಅನ್ನಲಿಲ್ಲ.

ಸೀರೆ ಮಾತ್ರ ಇಲ್ಲೇ, ನನ್ನ ಮಂಚದ ಮೇಲಿದೆ. ಮರೆತು ಹೋದರೋ, ಇಲ್ಲಾ ನನಗೇ ಇರಲಿ ಎಂದು ಬಿಟ್ಟು ಹೋದರೋ.